ಕುರ್ಲಾ ಚಾಳಿನ ಮೂರು ದಿನದ ಸೂತಕ

ಹೋದ ಮಳೆಗಾಲದಲ್ಲಿ ವಿಲೆ ಪಾರ್ಲೆಗೆ ಮೊಮ್ಮಗಳ ಮನೆಗೆ ಹೋಗಿದ್ದೆ. ಐದನೆಯ ಮಹಡಿ, ಲಿಫ್ಟು, ಬಾಗಿಲಿಗೆ ಮೂರು ಥರದ ಬೀಗ. ಬೆಳಗಿನಿಂದ ಮಳೆ ಒಂದೇ ಸಮ ಹೊಡೆಯುತ್ತಿತ್ತು. ಕೆಲಸದವಳು ಎಲ್ಲಿಂದಲೋ ಒಂದು ಗೋಣಿಚೀಲ ತಂದು ಕಾಲೊರೆಸಲು ಹೊಸ್ತಿಲ ಹತ್ತಿರ ಹಾಸಿದ್ದಳು. ಚಪ್ಪಲಿ ಬಿಟ್ಟು ಅದರ ಮೇಲೆ ಕಾಲಿಟ್ಟೆ ನೋಡಿ, ತೊಯ್ದ ಗೋಣಿಯ ಆ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ.

"ಅಜ್ಜಿ, ಕ್ಯಾ ಹುವಾ? ಬೀಪಿ ಗೋಲಿ ತಗೊಂಡಿ ನೀನು?" ಎಂದು ಮೊಮ್ಮಗಳು ಓಡಿ ಬಂದಳು. ಅವಳ ಕನ್ನಡ ಹೀಗೇ, ಅರ್ಧ ಮಾತು ಹಿಂದಿ, ಅರ್ಧ ಕನ್ನಡ. ಆ ಚೀಲ ತೆಗೆದು ಹಾಕಿಸು ಎಂದೆ. ತೆಗೆಸಿದಳು, ಆದರೆ ಮುದುಕಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ನೋಡಲಿ. ಗೋಣಿಚೀಲಕ್ಕೂ ನನಗೂ ಏನು ವೈರ ಎಂದು ಅವಳಿಗೆ ಹೇಳುತ್ತ ಕೂತರೆ ಒಂದು ಸಂಜೆ ಸಾಲದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮುಂಬಯಿಗೆ ಬಂದದ್ದು ಐವತ್ತರ ದಶಕದ ಆರಂಭದಲ್ಲಿ. ವೈಶಾಖದಲ್ಲಿ ಧಾರವಾಡದಲ್ಲಿ ಮದುವೆ, ಜ್ಯೇಷ್ಠದಲ್ಲಿ ಕುರ್ಲಾ. ನಮ್ಮವರು ಫೋರ್ಟಿನ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕಾರಕೂನರು. ಮದುವೆಗೆ ಮುಂಚೆ ಆರು ಜನ ಗಂಡಸರ ಜೊತೆ ಒಂದು ಖೋಲಿಯಲ್ಲಿ ಬಿದ್ದುಕೊಂಡಿದ್ದವರು. ಆ ಕಾಲದ ಮುಂಬಯಿಯಲ್ಲಿ ವರ ಸಿಗುತ್ತಿದ್ದ, ಕನ್ಯೆ ಸಿಗುತ್ತಿದ್ದಳು, ತಲೆಯ ಮೇಲೊಂದು ಸೂರು ಮಾತ್ರ ಸಿಗುತ್ತಿರಲಿಲ್ಲ. ಆಫೀಸಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ನಮ್ಮವರು ಮಧ್ಯಾಹ್ನ ಉಣ್ಣುತ್ತಿದ್ದರು. ಅಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂಡುತ್ತಿದ್ದ ವಾಸುದೇವರಾಯರು ಇವರ ಮೋರೆ ನೋಡಿ ಏನಾಯಿತೆಂದು ಕೇಳಿ, ಕುರ್ಲಾದ ತಮ್ಮ ಖೋಲಿಯಲ್ಲಿ ಅರ್ಧ ಕೊಡುವೆನೆಂದರು. ಅರ್ಧ ಖೋಲಿ! ನಾನು ಧಾರವಾಡದಲ್ಲಿ ಇದನ್ನು ಕೇಳಿದಾಗ ನಡುವೆ ಗೋಡೆ ಇರುತ್ತದೆ ಎಂದುಕೊಂಡಿದ್ದೆ.

ಇದ್ದದ್ದು ಹಗ್ಗ. ಹತ್ತು ಹನ್ನೆರಡು ಅಡಿಯ ಖೋಲಿಯ ನಡುವೆ ಹಗ್ಗ ಎಳೆದು, ನಾಲ್ಕು ಗೋಣಿಚೀಲ ಬಿಚ್ಚಿ ಹೊಲಿದು ಇಳಿಬಿಟ್ಟಿದ್ದರು. ಕಿಟಕಿಯ ಕಡೆ ವಾಸುದೇವರಾಯರು, ಅವರ ಹೆಂಡತಿ ಜಲಜಾಕ್ಷಿ, ಎರಡು ವರ್ಷದ ಕೂಸು. ಬಾಗಿಲ ಕಡೆ ನಾವು. ಮಳೆ ಹಿಡಿದ ಮೇಲೆ ಆ ಗೋಣಿ ಒಂದು ದಿನವೂ ಒಣಗಲಿಲ್ಲ.

ಬಂದ ದಿನ ಟ್ರಂಕು ಕೆಳಗಿಳಿಸಿ ಇನ್ನೂ ನೀರು ಕುಡಿದಿರಲಿಲ್ಲ, ಜಲಜಾಕ್ಷಿ ಬಾಗಿಲು ಮುಂದೆ ಮಾಡಿ ಬಂದು ನನ್ನೆದುರು ಕೂತರು. ತೆಳ್ಳಗಿನ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಗು ಇಲ್ಲ, ಉಪಚಾರ ಇಲ್ಲ.

"ನೋಡು, ಇವತ್ತಿನಿಂದ ನೀನು ಇವರ ಸ್ವಂತ ತಂಗಿ. ನಿನ್ನ ಊರು ಉಡುಪಿಯ ಹತ್ತಿರ. ನಿನ್ನ ಅಪ್ಪನ ಹೆಸರು ಅನಂತಯ್ಯ. ಬಾಯಿ ತಪ್ಪಿ ಬೇರೆ ಎಂತಾದರೂ ಹೇಳಿದರೆ ನಾವೂ ಬೀದಿಗೆ, ನೀವೂ ಬೀದಿಗೆ. ಗೊತ್ತಾಯಿತಾ?"

ಸಂಗತಿ ಇಷ್ಟು. ಖೋಲಿ ಹಿಡಿದವರು ಹೊರಗಿನವರಿಗೆ ಜಾಗ ಕೊಡುವಂತಿರಲಿಲ್ಲ. ಕೊಟ್ಟದ್ದು ಗೊತ್ತಾದರೆ ಮಾಲೀಕ ಖೋಲಿ ಖಾಲಿ ಮಾಡಿಸಬಹುದಿತ್ತು, ಹೊಸಬರಿಂದ ಪಗಡಿ ಎಂದು ಕೈತುಂಬ ಮುಂಗಡ ಹಣ ತೆಗೆದುಕೊಳ್ಳಬಹುದಿತ್ತು. ಅವನು ಅದಕ್ಕಾಗಿಯೇ ಬಾಯಿ ತೆರೆದು ಕೂತಿದ್ದ. ಒಡಹುಟ್ಟಿದವರು ಜೊತೆಗಿದ್ದರೆ ಮಾತ್ರ ಯಾರೂ ಏನೂ ಕೇಳುವಂತಿರಲಿಲ್ಲ. ಹಾಗಾಗಿ ವಾಸುದೇವರಾಯರು ನನಗೆ ಅಣ್ಣನಾದರು. ಜಲಜಾಕ್ಷಿಯನ್ನು ನಾನು ನಮ್ಮ ಕಡೆಯ ರೂಢಿಯಂತೆ ವೈನಿ ಎಂದು ಕರೆಯತೊಡಗಿದೆ. ಮರಾಠಿಯವರಿಗೂ ಅಣ್ಣನ ಹೆಂಡತಿ ವಹಿನಿಯೇ. ಚಾಳಿನ ಹೆಂಗಸರಿಗೆ ಅನುಮಾನ ಬರಲಿಲ್ಲ. ವೈನಿ ತುಳುವಿನಲ್ಲಿ ಗೊಣಗುವುದು, ನಾನು ಧಾರವಾಡದ ಕನ್ನಡದಲ್ಲಿ ಸಿಡುಕುವುದು, ಆ ಹೆಂಗಸರ ಕಿವಿಗೆ ಎರಡೂ ಒಂದೇ ಮದರಾಸಿ ಭಾಷೆ.

ಆದರೆ ಬಾಡಿಗೆ ವಸೂಲಿಗೆ ಬರುವ ಮಾಲೀಕನ ಮೆಹತಾ ಇದ್ದನಲ್ಲ, ಅವನದು ಹದ್ದಿನ ಕಣ್ಣು. ಕರಿ ಟೋಪಿ, ಕಂಕುಳಲ್ಲಿ ಛತ್ರಿ, ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ವಹಿ. ಯಾವಾಗ ಬರುತ್ತಾನೆಂದು ಹೇಳುವಂತಿರಲಿಲ್ಲ. ಬಂದವನೇ ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಎಣಿಸುವನು, ತಂತಿಯ ಮೇಲಿನ ಬಟ್ಟೆ ನೋಡುವನು. ಗಂಡಸರು ಕೆಲಸಕ್ಕೆ ಹೋದ ಹೊತ್ತಿಗೆ ಬಂದು ಹೆಂಗಸರನ್ನು ಮಾತಿಗೆಳೆಯುವುದು ಅವನ ವಿದ್ಯೆ. ಅಣ್ಣ ತಂಗಿ ಎಷ್ಟು ಜನ, ಊರಲ್ಲಿ ಮನೆ ಹೇಗಿದೆ, ಬಾವಿ ಇದೆಯೋ ಕೆರೆಯೋ ಎಂದು ನಗುನಗುತ್ತ ಕೇಳುವುದು. ಮೇಲಿನ ಮಹಡಿಯ ಒಬ್ಬರು ಇವನ ಇಂಥ ನಗುಮಾತಿಗೆ ಸಿಕ್ಕಿಬಿದ್ದು, ಎಂಟು ದಿನದಲ್ಲಿ ಪಾತ್ರೆ ಪಡಗ ಸಮೇತ ಹೊರಬಿದ್ದಿದ್ದರು.

ಹಾಗಾಗಿ ನನ್ನ ಸಂಸಾರ ಶುರುವಾದದ್ದು ಪರೀಕ್ಷೆಯ ತಯಾರಿಯೊಂದಿಗೆ. ಬೆಳಿಗ್ಗೆ ನಳದ ಸರತಿಯಲ್ಲಿ ನಿಂತು ನೀರು ತುಂಬಿ, ನಮ್ಮವರಿಗೆ ಡಬ್ಬಿ ಕಟ್ಟಿ, ಅವರು ಒಂಬತ್ತರ ಲೋಕಲ್ ಹಿಡಿದ ಮೇಲೆ ವೈನಿ ತೆಂಗಿನಕಾಯಿ ತುರಿಯುತ್ತ ಪಾಠ ಹೇಳುತ್ತಿದ್ದರು. ಅಂಗಳದಲ್ಲಿ ಎಷ್ಟು ಹಲಸಿನ ಮರ, ಹಸುವಿನ ಹೆಸರೇನು, ಮಾವನವರಿಗೆ ಯಾವ ಕಾಲು ನೋವು. ನಾನು ರೊಟ್ಟಿ ಬಡಿಯುತ್ತ ಒಪ್ಪಿಸುತ್ತಿದ್ದೆ. ತಪ್ಪಿದರೆ "ಎಂತ ಹುಡುಗಿ ಮಾರಾಯ್ತಿ ನೀನು" ಎಂದು ಗದರುತ್ತಿದ್ದರು. ನನ್ನ ರೊಟ್ಟಿಯ ಸಪ್ಪಳಕ್ಕೆ ಅವರ ತಲೆ ಚಿಟ್ಟು ಹಿಡಿಯುತ್ತಿತ್ತು, ಅವರ ಒಣಮೀನಿನಂಥ ಮುಖಕ್ಕೆ ನನ್ನ ತಲೆ. ಬ್ರಾಹ್ಮಣರ ಮನೆಯ ಹೆಂಗಸಿಗೆ ಹಾಗೆನ್ನಬಾರದು, ಆದರೂ ಆಗ ಹಾಗೇ ಅನಿಸಿತ್ತು. ಅವರಿಗೆ ನಗು ಬಾರದ್ದು ಹೆದರಿಕೆಯಿಂದ ಎಂದು ತಿಳಿಯುವಷ್ಟು ಬುದ್ಧಿ ನನಗಿನ್ನೂ ಬಂದಿರಲಿಲ್ಲ.

ಒಮ್ಮೆ ಮೆಹತಾ ನಾನು ಅಕ್ಕಿ ಆರಿಸುತ್ತಿದ್ದಾಗ ಬಂದು, ಹವೆಯ ಮಾತಾಡುತ್ತ ಆಡುತ್ತ ಥಟ್ಟನೆ ನಿನ್ನ ಬಾಪನ ಹೆಸರೇನು ಎಂದ. ನನ್ನ ಅಪ್ಪನ ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಒಳಗೆ ವೈನಿಯ ಕೈಯಿಂದ ಸೌಟು ಜಾರಿ ಬಿತ್ತು. ಅನಂತಯ್ಯ ಎಂದೆ. ಅವನು ತಲೆಯಾಡಿಸಿ ಹೋದ.

ಇದೊಂದನ್ನೂ ನಾನು ಧಾರವಾಡಕ್ಕೆ ಬರೆಯಲಿಲ್ಲ. ನನ್ನ ಅಪ್ಪ ಕನ್ನಡ ಸಾಲಿಯ ಮಾಸ್ತರರು. ಮೂವತ್ತು ವರ್ಷದಿಂದ, ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ಹುಡುಗರನ್ನೇಕೆ, ಚಿಕ್ಕವಳಿದ್ದಾಗ ನನ್ನನ್ನೇ ಒಂದು ಪೇರಲಹಣ್ಣಿನ ಸುಳ್ಳಿಗೆ ಇಡೀ ಮಧ್ಯಾಹ್ನ ನಿಲ್ಲಿಸಿದ್ದರು. ಅವರಿಗೆ ನಾನು ಏನೆಂದು ಬರೆಯಲಿ, ನನಗಿಲ್ಲಿ ಬೇರೆ ಅಪ್ಪ ಇದ್ದಾನೆ ಎಂದೇ? ಒಳ್ಳೆಯ ಜನ, ಒಳ್ಳೆಯ ಜಾಗ ಸಿಕ್ಕಿದೆ ಎಂದಷ್ಟೇ ಬರೆದೆ. ನಾನು ಮಾಡಿದ ತಪ್ಪು ಅದೇ.

ಆಷಾಢದ ಕೊನೆಗೆ ಉಡುಪಿಯಿಂದ ತಾರು ಬಂತು. ವಾಸುದೇವರಾಯರ ತಂದೆ ಅನಂತಯ್ಯನವರು ತೀರಿಕೊಂಡಿದ್ದರು. ಮಳೆಗಾಲ, ಬೋಟಿನ ಓಡಾಟ ನಿಂತಿತ್ತು. ರೈಲು ಹಿಡಿದು ಹುಬ್ಬಳ್ಳಿ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಇಳಿದು ಹೋಗಬೇಕು. ರಾಯರು ಉಟ್ಟ ಬಟ್ಟೆಯಲ್ಲೇ ಹೊರಟರು. ಕೂಸನ್ನು ಕಟ್ಟಿಕೊಂಡು ಆ ದಾರಿಯಲ್ಲಿ ಹೋಗುವುದು ವೈನಿಗೆ ಆಗದ ಮಾತು. ಮೇಲಾಗಿ ಖೋಲಿ ಹಿಡಿದವರೇ ಇಬ್ಬರೂ ಹೊರಟರೆ ಮೆಹತಾ ಸುಮ್ಮನಿರುವವನಲ್ಲ.

ರಾಯರು ಮೆಟ್ಟಿಲು ಇಳಿದ ಮೇಲೆ ವೈನಿ ಪರದೆ ಸರಿಸಿ ನಮ್ಮ ಕಡೆ ಬಂದರು. ಕಣ್ಣು ಕೆಂಪಾಗಿದ್ದವು, ಆದರೆ ದನಿ ಗಟ್ಟಿಯಾಗಿತ್ತು. ಮದುವೆಯಾದ ಮಗಳಿಗೆ ತಂದೆಯ ಸೂತಕ ಮೂರು ದಿನ, ನೀನು ಕೂರಬೇಕು ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈ ಉರಿಯಿತು. ತಂಗಿ ಎಂದು ಹೇಳು ಎಂದರು, ಹೇಳಿದೆ. ಕಾಣದ ಹಸುವಿನ ಹೆಸರು ಬಾಯಿಪಾಠ ಮಾಡಿದೆ. ಈಗ ತಲೆಯ ಮೇಲೆ ನೀರು ಸುರಿದುಕೊಂಡು, ನನ್ನ ಅಪ್ಪ ಸತ್ತ ಎಂದು ನಾಲ್ಕು ಜನರ ಮುಂದೆ ಕೂಡಬೇಕಂತೆ. ಅಲ್ಲಿ ಧಾರವಾಡದಲ್ಲಿ ಅಪ್ಪ ಆರಾಮಾಗಿ ತಂಬೂರಿಗೆ ತಂತಿ ಬಿಗಿಯುತ್ತ ಕೂತಿದ್ದಾರೆ. ಬಾಯಲ್ಲಿ ಬರಬಾರದ ಮಾತು ಅದು. ಆಡಿದರೆ ತಟ್ಟುತ್ತದೆ ಎಂದೇ ನಮ್ಮ ಮನೆಯಲ್ಲಿ ನಂಬಿಕೆ.

ನಮ್ಮವರ ಕಡೆ ನೋಡಿದೆ. ಅವರು ನೆಲ ನೋಡುತ್ತ, ಖೋಲಿ ಹೋದರೆ ಈ ಮಳೆಯಲ್ಲಿ ಎಲ್ಲಿಗೆ ಹೋಗೋಣ ಎಂದರು.

"ಅದಕ್ಕ ಬದುಕಿದ್ದ ಅಪ್ಪನ್ನ ಕೊಲ್ಲು ಅಂತೀರೇನು ನನಗ?" ಎಂದೆ.

ವೈನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರು. ಹೊರಗೆ ಗ್ಯಾಲರಿಯಲ್ಲಿ ಆಗಲೇ ಹೆಂಗಸರು ಸೇರಿದ್ದರು. ತಾರು ಬಂದದ್ದು ಇಡೀ ಚಾಳಿಗೆ ಗೊತ್ತಾಗಿತ್ತು. ಪಕ್ಕದ ಖೋಲಿಯ ತಾರಾಬಾಯಿ, ರತ್ನಾಗಿರಿಯ ಕಡೆಯವಳು, ಗಂಡ ಗಿರಣಿಯಲ್ಲಿದ್ದ, ಬಾಗಿಲು ಬಡಿದು ಒಳಗೆ ಬಂದು ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಪಾಪ ಪೋರಿ, ಬಾಪನ ಮುಖವನ್ನೂ ನೋಡಲಿಲ್ಲ ಎಂದು ಅವಳು ಅಳುತ್ತಿದ್ದರೆ ನಾನು ಕಂಬದ ಹಾಗೆ ನಿಂತಿದ್ದೆ. ಅವಳೇ ಕೈಹಿಡಿದು ನಳದ ಕಟ್ಟೆಗೆ ಕರೆದುಕೊಂಡು ಹೋದಳು. ಉಟ್ಟ ಸೀರೆಯಲ್ಲೇ ಕೂಡಿಸಿ ತಲೆಯ ಮೇಲೆ ನೀರು ಸುರಿದಳು. ಒಂದು ಕೊಡ, ಎರಡು ಕೊಡ. ಬೇಡ ಎಂದು ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಹೀಗೆ ನಾನು ಸೂತಕಕ್ಕೆ ಕೂತೆ.

ಆ ದಿನ ನಮ್ಮಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ತಾರಾಬಾಯಿ ಪಿಠಲೆ, ಭಾಕ್ರಿ ತಂದಿಟ್ಟಳು. ಇನ್ನೊಬ್ಬಳು ಚಹಾ ತಂದಳು. ಅವರ ಒಳ್ಳೆಯತನ ನುಂಗುವುದು ಕಷ್ಟವಾಯಿತು. ಮೂಲೆಯಲ್ಲಿ ವೈನಿ ಆಗಾಗ ಬಿಕ್ಕುತ್ತಿದ್ದರು. ಮಾವ ಅವರನ್ನು ಮಗಳಂತೆ ನೋಡಿಕೊಂಡವರಂತೆ. ನನಗೆ ಮಾತ್ರ ಕಣ್ಣಲ್ಲಿ ಹನಿ ನೀರಿಲ್ಲ. ಅತ್ತರೆ ಅಪ್ಪನಿಗೇ ಏನಾದರೂ ಆದೀತೆಂದು ಹಲ್ಲು ಕಚ್ಚಿ ಕೂತಿದ್ದೆ. ಮಗಳಿಗೆ ದುಃಖ ಹೆಪ್ಪುಗಟ್ಟಿದೆ, ಅಳಿಸಬೇಕು ಎಂದು ಹೆಂಗಸರು ತಮ್ಮಲ್ಲೇ ಮಾತಾಡಿಕೊಂಡರು.

ಮರುದಿನ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೆಹತಾ ಬಂದ. ರಾಯರು ಊರಿಗೆ ಹೋದ ಸುದ್ದಿ ಅವನಿಗೆ ಮುಟ್ಟಿತ್ತು. ತಾರಾಬಾಯಿ ಮಣೆ ತಂದು ಹಾಕಿದಳು, ಅವನು ನಮ್ಮ ಬಾಗಿಲ ಹೊರಗೆ ಗ್ಯಾಲರಿಯಲ್ಲಿ ಕೂತ. ಬಹಳ ಕೆಟ್ಟದ್ದಾಯಿತು ಎಂದ. ಎಷ್ಟು ವಯಸ್ಸಾಗಿತ್ತು, ಏನು ಕಾಯಿಲೆ ಎಂದು ಕೇಳಿದ. ವೈನಿ ಉತ್ತರ ಕೊಟ್ಟರು. ಅವನ ಕಣ್ಣು ನನ್ನ ಮೇಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ತಾರಾಬಾಯಿಯ ಕಡೆ ತಿರುಗಿ, ನನಗೆ ಕೇಳುವ ಹಾಗೆಯೇ, ಸೊಸೆ ಅಳುತ್ತಾಳೆ, ಮಗಳು ಅಳುವುದಿಲ್ಲ, ಇದು ಯಾವ ರೀತಿಯಪ್ಪ ಇವರದು ಎಂದ.

ತಾರಾಬಾಯಿ ನನ್ನ ಪರ ಏನೋ ಹೇಳಿದಳು. ಅವನು ವಹಿ ಬಿಚ್ಚಿದ. ವೈನಿಯ ಮುಖ ಬಿಳಿಚಿಕೊಂಡಿತು. ಅಳಬೇಕು ಎಂದು ನನಗೆ ತಿಳಿಯಿತು, ಈಗ ಅಳದಿದ್ದರೆ ಎಲ್ಲ ಮುಗಿಯಿತು ಎಂದೂ ತಿಳಿಯಿತು. ಆದರೆ ಅಳು ಬೇಕೆಂದಾಗ ಬರಲು ಅದೇನು ನಳದ ನೀರೇ? ಸೆರಗು ಮುಖಕ್ಕೆ ಹಿಡಿದು ಕೂತೆ. ಒಣ ಸೆರಗು.

ಆಗ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಆ ಕೆಮ್ಮು ನನಗೆ ಹುಟ್ಟಿದಾಗಿನಿಂದ ಗೊತ್ತು.

ನಾಗರಪಂಚಮಿಗೆ ಇನ್ನು ನಾಲ್ಕೇ ದಿನವಿತ್ತು. ಮದುವೆಯಾದ ಮೊದಲ ವರ್ಷ ಪಂಚಮಿಗೆ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆ ಬಿಡಲಾರದ ಪದ್ಧತಿ. ಕರೆಯಲು ಅಣ್ಣ ತಮ್ಮ ಬರುತ್ತಾರೆ. ನನಗೆ ಒಡಹುಟ್ಟಿದವರಿಲ್ಲ, ಹಾಗಾಗಿ ಅಪ್ಪನೇ ಹೊರಟು ಬಂದಿದ್ದರು. ಈ ಗದ್ದಲದಲ್ಲಿ ನನಗೆ ಪಂಚಮಿಯ ನೆನಪೇ ಇರಲಿಲ್ಲ. ತೊಯ್ದು ತೊಪ್ಪೆಯಾದ ಧೋತರ, ಮುಚ್ಚಿದ ಕೋಟು, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬಟ್ಟೆಯ ಗಂಟು. ಆ ಗಂಟಿನಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ, ಎಳ್ಳುಂಡಿ ಇದ್ದವೆಂದು ಗ್ಯಾಲರಿಯ ಆ ತುದಿಯಿಂದಲೇ ನನಗೆ ತಿಳಿಯಿತು. ಅಪ್ಪ ಒಂದೊಂದೇ ಖೋಲಿಯ ನಂಬರು ನೋಡುತ್ತ ಬಂದರು. ನನ್ನನ್ನು ಕಂಡು ಮುಖ ಅರಳಿತು. ಬಾಯಿ ತೆರೆದರು.

ಗೋದೂ ಎಂದು ಮಗಳನ್ನು ಕರೆದಂತೆ ನನ್ನನ್ನು ಕರೆದರೆ ಮುಗಿಯಿತು. ಮೆಹತಾ ಆಗಲೇ ಕತ್ತು ಹೊರಳಿಸಿ ಇವರು ಯಾರು ಎಂದು ಕೇಳಿಯಾಗಿತ್ತು.

ನಾನು ಎದ್ದು ನಿಂತೆ. ನಮ್ಮ ಊರಿನ ಕಡೆಯ ಪರಿಚಯದ ಮಾಸ್ತರರು ಎಂದು ಮರಾಠಿಯಲ್ಲಿ ಹೇಳಿದೆ. ಆಮೇಲೆ ಅಪ್ಪನ ಮುಖ ನೋಡಿ ಕನ್ನಡದಲ್ಲಿ ಅಂದೆ:

"ಬರ್ರಿ ಮಾಸ್ತರ. ನಮ್ಮ ತಂದಿ ತೀರಿಕೊಂಡ್ರು. ನಿಮಗ ಸುದ್ದಿ ಮುಟ್ಟಿರಬೇಕು."

ಅಂದದ್ದೇ ತಡ, ಒಳಗೆ ಏನೋ ಹರಿದಂತಾಯಿತು. ಎರಡು ದಿನದಿಂದ ಕಟ್ಟಿ ಹಿಡಿದದ್ದೆಲ್ಲ ಕಿತ್ತುಕೊಂಡು ಬಂತು. ಅಪ್ಪನ ಮುಂದೆ, ಅಪ್ಪನಿಗಾಗಿ, ಗೋಡೆಗೆ ತಲೆ ಆನಿಸಿ ಬಾಯಿಬಿಟ್ಟು ಅತ್ತೆ. ನನ್ನನ್ನು ಹಿಡಿಯಲು ತಾರಾಬಾಯಿ ಓಡಿ ಬಂದಳು.

ಅಪ್ಪ ಅಲ್ಲೇ ನಿಂತಿದ್ದರು. ಛತ್ರಿಯಿಂದ ನೀರು ಇಳಿದು ಅವರ ಕಾಲ ಸುತ್ತ ಹರಿಯುತ್ತಿತ್ತು. ನನ್ನನ್ನು ನೋಡಿದರು, ಮೂಲೆಯಲ್ಲಿ ಕೂಸನ್ನು ಅವುಚಿಕೊಂಡು ನಡುಗುತ್ತಿದ್ದ ವೈನಿಯನ್ನು ನೋಡಿದರು, ಗೋಣಿಯ ಪರದೆ ನೋಡಿದರು, ಮಣೆಯ ಮೇಲೆ ವಹಿ ಬಿಚ್ಚಿ ಕೂತವನನ್ನು ನೋಡಿದರು. ಮೂವತ್ತು ವರ್ಷ ಹುಡುಗರ ಮುಖ ಓದಿದವರು. ಯಾವ ಹುಡುಗ ಸೊಕ್ಕಿಗೆ ಸುಳ್ಳು ಹೇಳುತ್ತಾನೆ, ಯಾವನು ಹೆದರಿಕೆಗೆ ಹೇಳುತ್ತಾನೆ ಎಂದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೆಹತಾ ಅವರನ್ನೇ ಕೇಳಿದ: ಸತ್ತವರನ್ನು ನೀವು ಬಲ್ಲಿರಾ? ಅಪ್ಪನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಬಲ್ಲೆ, ಚಿಕ್ಕಂದಿನಲ್ಲಿ ಕೂಡಿ ಓದಿದವರು ನಾವು ಎಂದರು. ದನಿ ಒಂದಿಷ್ಟೂ ಅಲುಗಲಿಲ್ಲ. ತಾವೀಗ ಧಾರವಾಡದಲ್ಲಿರುವುದಾಗಿಯೂ, ಬೇರೆ ಕೆಲಸಕ್ಕೆ ಮುಂಬಯಿಗೆ ಬಂದಾಗ ಇಲ್ಲಿಯ ಪರಿಚಯದವರಿಂದ ಸುದ್ದಿ ತಿಳಿದು ಮಕ್ಕಳನ್ನು ಮಾತಾಡಿಸಿ ಹೋಗಲು ಬಂದುದಾಗಿಯೂ ಹೇಳಿದರು. ಒಂದರ ಹಿಂದೆ ಒಂದು, ಮೂರು ಸುಳ್ಳು. ಪೇರಲಹಣ್ಣಿಗೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ.

ಮೆಹತಾ ಸ್ವಲ್ಪ ಹೊತ್ತು ನನ್ನ ಅಳು ನೋಡಿದ. ಮತ್ತೆ ವಹಿ ಕಟ್ಟಿ, ಛತ್ರಿ ಎತ್ತಿಕೊಂಡು, ರಾಮ ರಾಮ ಎನ್ನುತ್ತ ಹೊರಟುಹೋದ. ಆ ಮಳೆಗಾಲದಲ್ಲಿ ಅವನು ಮತ್ತೆ ನಮ್ಮ ಖೋಲಿಯ ಮುಂದೆ ನಿಲ್ಲಲಿಲ್ಲ. ನಾವು ಉಳಿದೆವು.

ಆದರೆ ಅವನು ಹೋದರೂ ಗ್ಯಾಲರಿಯ ತುಂಬ ಹೆಂಗಸರಿದ್ದರು. ಅಪ್ಪ ಖಾಲಿಯಾದ ಮಣೆಯ ಮೇಲೆ ಕೂತರು. ಒಂದೂವರೆ ದಿನ ರೈಲು, ಮಳೆ, ಹಸಿವೆ ಎಲ್ಲ ಅವರ ಮುಖದ ಮೇಲೆ ಕಾಣುತ್ತಿತ್ತು. ಸೂತಕದ ಮನೆ, ಹೊರಗಿನವರು ನೀರು ಕೂಡ ಮುಟ್ಟುವಂತಿಲ್ಲ. ನಾನು ಕಾಲಿಗೆ ಬೀಳುವಂತಿಲ್ಲ, ಅವರು ನನ್ನ ತಲೆ ಮುಟ್ಟುವಂತಿಲ್ಲ. ಉಂಡಿಯ ಗಂಟು ಮಡಿಲಲ್ಲೇ ಇತ್ತು. ಸಿಹಿ ಕೊಡುವ ಮನೆಯೇ ಅದು? ಅದರ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು.

ಬಹಳ ಹೊತ್ತಿನ ಮೇಲೆ ಎದ್ದರು.

"ಅಳಬ್ಯಾಡ್ರಿ. ಹಿರ್ಯಾರು ಒಂದ ದಿನ ಹೋಗಾವ್ರನ. ನೀವು ನಿಮ್ಮ ಮನಿ ಸಂಭಾಳಿಸ್ರಿ," ಎಂದರು.

ಹುಟ್ಟಿದಾಗಿನಿಂದ ನೀನು, ಗೋದೂ ಎಂದವರು ನನಗೆ ಬಹುವಚನ ಹಚ್ಚಿದ್ದರು. ಸಾವಿನ ಮನೆಯಿಂದ ಏಳುವಾಗ ಹೋಗಿ ಬರುತ್ತೇನೆ ಎನ್ನಬಾರದು. ಅವರು ಅನ್ನಲಿಲ್ಲ. ಗಂಟು ಎತ್ತಿಕೊಂಡು ಮೆಟ್ಟಿಲಿಳಿದರು. ಕಿಟಕಿಯ ಹತ್ತಿರ ಓಡಿ ನೋಡಬೇಕೆನಿಸಿತು. ಊರ ಮಾಸ್ತರರನ್ನು ಯಾರು ಹಾಗೆ ಓಡಿ ಹೋಗಿ ನೋಡುತ್ತಾರೆ? ಕೂತಲ್ಲೇ ಕೂತೆ.

ಸಂಜೆ ನಮ್ಮವರು ಬಂದು ವಿಷಯ ತಿಳಿದದ್ದೇ, ಹಾಕಿದ ಶೂ ಬಿಚ್ಚದೆ ಮತ್ತೆ ಸ್ಟೇಶನ್ನಿಗೆ ಓಡಿದರು. ದಾದರಿನವರೆಗೆ ಹುಡುಕಿ ಬಂದರು. ಪುಣೆಯ ಗಾಡಿ ಹೋಗಿಬಿಟ್ಟಿತ್ತು.

ನಾನು ಧಾರವಾಡಕ್ಕೆ ನಾಲ್ಕು ಹಾಳೆ ಬರೆದೆ. ಏಕೆ ಅಂದೆ, ಹೇಗೆ ಅಂದೆ, ಕ್ಷಮಿಸು ಅಪ್ಪಾ ಎಂದೆಲ್ಲ. ಎಂಟು ದಿನಕ್ಕೆ ಒಂದು ಕಾರ್ಡು ಬಂತು. ಮನೆ ಸಿಗಲಿಲ್ಲ, ಮಳೆಯಲ್ಲಿ ದಾರಿ ತಪ್ಪಿತು ಎಂದು ನಿನ್ನ ಅವ್ವನಿಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು ಎಂದು ಅದರಲ್ಲಿತ್ತು. ಬೇರೆ ಏನೂ ಇರಲಿಲ್ಲ. ದೀಪಾವಳಿಗೆ ನಾನು ಊರಿಗೆ ಹೋದಾಗಲೂ ಅಪ್ಪ ಆ ಮಾತು ಎತ್ತಲಿಲ್ಲ. ಎಂದಿನಂತೆ ನಕ್ಕರು, ತಂಬೂರಿ ಮೀಟಿದರು, ಮುಂಬಯಿಯ ಟ್ರಾಮಿನ ಬಗ್ಗೆ ಕೇಳಿದರು. ಸಾಲಿಯಲ್ಲಿ ಮಾತ್ರ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವುದನ್ನು ಬಿಟ್ಟಿದ್ದಾರೆ ಎಂದು ಅವ್ವ ಹೇಳಿದಳು. ವಯಸ್ಸಾಯಿತು, ಮೆತ್ತಗಾದರು ಎಂದಳು. ನಾನು ಕೊಟ್ಟಿಗೆಗೆ ಹೋಗಿ ಹೊಟ್ಟೆ ತುಂಬ ಅತ್ತು ಬಂದೆ. ಅಪ್ಪ ಮುಂಬಯಿಗೆ ಮತ್ತೆ ಕಾಲಿಡಲಿಲ್ಲ.

ಇತ್ತ ಚಾಳಿಗೆ ರಾಯರು ಆ ಶ್ರಾವಣದಲ್ಲೇ ಹದಿಮೂರು ದಿನ ಮುಗಿಸಿ ಬೋಳುತಲೆಯಲ್ಲಿ ಬಂದಿದ್ದರು. ಗೋಣಿಯ ಪರದೆ ಹಾಗೇ ಇತ್ತು, ನಮ್ಮ ಸುಳ್ಳೂ ಹಾಗೇ ಇತ್ತು. ವೈನಿ ಆ ದಿನದ ಮಾತು ನನ್ನ ಹತ್ತಿರ ಆಡಲಿಲ್ಲ, ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ರೊಟ್ಟಿಯ ಸಪ್ಪಳಕ್ಕೆ ಗೊಣಗುವುದನ್ನು ಮಾತ್ರ ನಿಲ್ಲಿಸಿದರು. ನಾನೂ ಅವರ ಮೇಲೆ ಹಲ್ಲು ಕಡಿಯುತ್ತಲೇ ಇದ್ದೆ, ಸುಳ್ಳೇಕೆ ಹೇಳಲಿ. ಖೋಲಿ ಉಳಿಯಿತು, ನಿಮಗೆ ಅಷ್ಟೇ ಸಾಕಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಎರಡು ವರ್ಷ ಹೀಗೇ ಕಳೆಯಿತು. ಮಾಘದ ಒಂದು ಮಧ್ಯಾಹ್ನ ತಾರಿನವನು ನಮ್ಮ ಖೋಲಿಯ ಮುಂದೆ ಬಂದು ನಿಂತ. ತಾರಾಬಾಯಿ, ಅತ್ತಿತ್ತಲಿನ ನಾಲ್ಕು ಜನ ಹೊರಗೆ ಬಂದರು. ನಾನು ಒಡೆದು ಓದಿದೆ. ಓದುವಷ್ಟು ಇಂಗ್ಲಿಷು ಅಪ್ಪನೇ ಕಲಿಸಿದ್ದರು. ಅಪ್ಪ ಬೆಳಿಗ್ಗೆ ಹೋದರು ಎಂದಿತ್ತು, ಎದೆನೋವು.

ಯಾರಿಗೆ ಏನಾಯಿತು ಎಂದು ತಾರಾಬಾಯಿ ಕೇಳುತ್ತಿದ್ದಳು. ಏನೆಂದು ಹೇಳಲಿ? ಈ ಚಾಳಿನಲ್ಲಿ ನನ್ನ ಅಪ್ಪ ಎರಡು ವರ್ಷದ ಹಿಂದೆಯೇ ಸತ್ತಿದ್ದರು. ತಲೆಯ ಮೇಲೆ ನೀರು ಸುರಿದವಳು ಇವಳೇ. ಒಬ್ಬಳಿಗೆ ಎಷ್ಟು ಅಪ್ಪಂದಿರು? ಏನಿಲ್ಲ ಎಂದು ನಗಲು ಬಾಯಿ ತೆರೆದೆ.

ಅಷ್ಟರಲ್ಲಿ ವೈನಿ ಒಳಗಿನಿಂದ ಬಂದು ನನ್ನ ಕೈಯಿಂದ ತಾರು ಕಸಿದುಕೊಂಡರು. ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಕಾಗದವನ್ನು ನೋಡಲೂ ಇಲ್ಲ, ನನ್ನ ಮುಖವನ್ನಷ್ಟೇ ನೋಡಿದರು. ಮರುಕ್ಷಣ ಹಣೆ ಚಚ್ಚಿಕೊಂಡು, ತಮ್ಮ ಹರುಕು ಮರಾಠಿಯಲ್ಲಿ, ಅಯ್ಯೋ, ನನ್ನ ಸೋದರಮಾವ ಹೋದರು, ನನ್ನನ್ನು ಎತ್ತಿ ಆಡಿಸಿದವರು ಎಂದು ಗ್ಯಾಲರಿಗೆಲ್ಲ ಕೇಳುವಂತೆ ಕೂಗಿದರು. ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡು ಅರ್ಧ ಬಾಗಿಲು ಮುಂದೆ ಮಾಡಿದರು.

"ಈಗ ಅಳು ಮಾರಾಯ್ತಿ. ಗಟ್ಟಿಯಾಗಿ ಅಳು, ನಾನು ಉಂಟಲ್ಲ," ಎಂದರು. "ಅವತ್ತು ಅವರಿಗೆ ಒಂದು ಲೋಟ ನೀರು ಕೊಡಲಿಕ್ಕೆ ಆಗಲಿಲ್ಲ ನನ್ನಿಂದ."

ಹೇಳಿ ಮುಗಿಸುವುದರೊಳಗೆ ಅವರೇ ಅಳತೊಡಗಿದ್ದರು. ಅವರ ಕುತ್ತಿಗೆ ಕಟ್ಟಿಕೊಂಡು ನಾನು ಅತ್ತೆ. ಅಪ್ಪಾ, ಅಪ್ಪಾ ಎಂದು ಕರೆದು ಅತ್ತೆ. ನನ್ನ ದನಿ ಹೊರಗೆ ತಿಳಿಯದಂತೆ ವೈನಿ ಅದಕ್ಕಿಂತ ಜೋರಾಗಿ ಮಾಮಾ, ಮಾಮಾ ಎಂದು ಕೂಗುತ್ತಿದ್ದರು. ಸಂಜೆಯ ಗಾಡಿಗೆ ನಾವು ಧಾರವಾಡಕ್ಕೆ ಹೊರಟಾಗ, ಇವಳ ಅತ್ತೆಯ ಮನೆಯಲ್ಲಿ ಕೆಲಸವಿದೆಯಂತೆ ಎಂದು ಚಾಳಿಗೆ ಹೇಳಿದವರೂ ಅವರೇ.

ಆಮೇಲೆ ತಾರಾಬಾಯಿಯ ಮನೆಗೆ ಇಬ್ಬರು ಸೊಸೆಯಂದಿರು ಬಂದರು. ಅವಳ ಮಗಳಿಗೂ ಅವರಿಗೂ ನಳದ ಕಟ್ಟೆಯ ಮೇಲೆ ಜಗಳ ಹತ್ತಿದಾಗಲೆಲ್ಲ ತಾರಾಬಾಯಿ ನನ್ನ ಕಡೆ ಬೆರಳು ತೋರಿಸಿ ಮಗಳಿಗೆ ಬುದ್ಧಿ ಹೇಳುತ್ತಿದ್ದಳು: ನಾದಿನಿ ಎಂದರೆ ಹೀಗಿರಬೇಕು ನೋಡು, ವಹಿನಿಯ ಸೋದರಮಾವ ಹೋದರೆ ಸ್ವಂತ ಅಪ್ಪ ಹೋದ ಹಾಗೆ ಅತ್ತಳು. ನಾನು ಕೊಡ ನಳದ ಕೆಳಗಿಟ್ಟು, ನೀರು ತುಂಬುವುದನ್ನೇ ನೋಡುತ್ತ ನಿಲ್ಲುತ್ತಿದ್ದೆ.